ಉಳಿಯ ಮೊನೆಯೂ ಪದವಿಯ ಪತ್ರವೂ

ಬಡಗಿಯ ಮಗನು ಬಡಗಿಯಾಗುವುದಕ್ಕೆ ಯಾವ ವಿಶ್ವವಿದ್ಯಾನಿಲಯದ ಅಪ್ಪಣೆಯೂ ಹಿಂದೆ ಬೇಕಾಗಿರಲಿಲ್ಲ. ತಂದೆಯ ಪಕ್ಕದಲ್ಲಿ ಕುಳಿತು ಮೊದಲು ಉಳಿ ಮಸೆಯುವುದನ್ನು, ಆಮೇಲೆ ಗರಗಸ ಹಿಡಿಯುವುದನ್ನು, ಕಟ್ಟಕಡೆಗೆ ಹಲಗೆಯನ್ನು ನೋಡಿ ಮರದ ಗುಣ ಹೇಳುವುದನ್ನು ಅವನು ಕಲಿತುಕೊಳ್ಳುತ್ತಿದ್ದನು. ಆ ವಿದ್ಯೆಗೆ ಪಠ್ಯಪುಸ್ತಕವಿರಲಿಲ್ಲ. ಮಾಡಿದ ಬಾಗಿಲು ಮಳೆಗಾಲದಲ್ಲಿ ಬಿಗಿಯದೆ ಬೇಸಗೆಯಲ್ಲಿ ಸಡಿಲದೆ ನಿಂತರೆ ಅದೇ ತೇರ್ಗಡೆ. ಅಂಥ ಕಸುಬಿನಲ್ಲಿ ಈಗ ಅಮೆರಿಕ, ಇಂಗ್ಲೆಂಡುಗಳ ಕಲಾಶಾಲೆಗಳು ಸ್ನಾತಕೋತ್ತರ ಪದವಿಯನ್ನು ಕೊಡುತ್ತಿವೆ. ಕೆಲವು ವರ್ಷ ವ್ಯಾಸಂಗ ಮಾಡಿದ ವಿದ್ಯಾರ್ಥಿಯು ತಾನು ಕಟ್ಟಿದ ಬೀರು ಕುರ್ಚಿಗಳನ್ನು ಪ್ರದರ್ಶನಕ್ಕೆ ಇಡುತ್ತಾನೆ. ಜೊತೆಗೆ ತನ್ನ ಕೆಲಸದ ಉದ್ದೇಶವನ್ನು ವಿವರಿಸುವ ಪ್ರಬಂಧವೊಂದನ್ನು ಒಪ್ಪಿಸುತ್ತಾನೆ. ಪರೀಕ್ಷಕರು ಎರಡನ್ನೂ ನೋಡಿ ಅವನನ್ನು ಲಲಿತಕಲೆಗಳ ಎಂ.ಎಫ್.ಎ. ಎಂದು ಕರೆಯುತ್ತಾರೆ.

ಇದನ್ನು ಕೇಳಿ ನಗುವವರುಂಟು. ಕುರ್ಚಿಯ ಕಾಲು ಕೂಡಿಸುವುದಕ್ಕೆ ಎಂ.ಎ. ಏತಕ್ಕೆ ಎಂಬುದು ಅವರ ಮಾತು. ನಗುವುದು ಸುಲಭ, ಆದರೆ ಸಂಗೀತಕ್ಕೆ ಪದವಿಯನ್ನು ಒಪ್ಪಿದವರು ಮರಗೆಲಸಕ್ಕೆ ಮಾತ್ರ ಮೂಗು ಮುರಿದರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ. ನಿಜವಾದ ತೊಡಕು ಇನ್ನೊಂದು ಕಡೆಯಲ್ಲಿದೆ. ಪರೀಕ್ಷೆಯೆಂದಮೇಲೆ ಪರೀಕ್ಷಿಸತಕ್ಕ ಜ್ಞಾನವೊಂದು ಇರಬೇಕಷ್ಟೆ. ಮರಗೆಲಸದಲ್ಲಿ ಆ ಜ್ಞಾನವು ಇರುವುದೆಲ್ಲಿ? ಕೈಯಲ್ಲಿಯೋ, ಕೈಯಿಂದ ಹೊರಬಿದ್ದ ವಸ್ತುವಿನಲ್ಲಿಯೋ, ಆ ವಸ್ತುವನ್ನು ಕುರಿತ ಮಾತಿನಲ್ಲಿಯೋ? ವಿಶ್ವವಿದ್ಯಾನಿಲಯವು ಸ್ವಭಾವದಿಂದ ಮಾತಿನ ಮನೆ. ಮಾತಿಗೆ ಸಿಕ್ಕದ ಅರಿವು ಅದರ ಹೊಸ್ತಿಲು ದಾಟಿ ಒಳಗೆ ಬಂದಾಗ ಆ ಅರಿವು ಉಳಿಯುವುದೋ, ಅಥವಾ ಮನೆಯ ರೀತಿಗೆ ತಕ್ಕಂತೆ ತಾನೂ ಬರಿಯ ಮಾತಾಗಿಬಿಡುವುದೋ ಎಂಬುದು ವಿಚಾರಮಾಡತಕ್ಕ ವಿಷಯ.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರಲ್ಲಿ ಡೇವಿಡ್ ಪೈಯವರು (1914–1993) ಮುಖ್ಯರು. ಹೆಸರು ದಕ್ಷಿಣ ಕನ್ನಡದ ಪೈಗಳನ್ನು ನೆನಪಿಗೆ ತಂದರೂ ಇವರು ಅಪ್ಪಟ ಇಂಗ್ಲಿಷರು. ವಾಸ್ತುಶಿಲ್ಪವನ್ನು ಕಲಿತವರು, 1948ರಿಂದ 1974ರವರೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟಿನಲ್ಲಿ ಪಾಠ ಹೇಳಿದವರು, ಅದರಲ್ಲಿ ಕೊನೆಯ ಹತ್ತು ವರ್ಷ ಪೀಠೋಪಕರಣಗಳ ವಿನ್ಯಾಸಕ್ಕೆ ಪ್ರಾಧ್ಯಾಪಕರಾಗಿದ್ದವರು. ಆ ಕಾಲೇಜಿಗೆ ತಾನೇ ಪದವಿ ಕೊಡುವ ಅಧಿಕಾರವು ರಾಜಶಾಸನದಿಂದ ಬಂದುದು 1967ರಲ್ಲಿ. ಅದರ ಮರುವರ್ಷವೇ ಪೈಯವರ ‘ದಿ ನೇಚರ್ ಅಂಡ್ ಆರ್ಟ್ ಆಫ್ ವರ್ಕ್‌ಮನ್‌ಷಿಪ್’ ಎಂಬ ಗ್ರಂಥವು ಹೊರಬಿದ್ದಿತು. ಗಾತ್ರದಲ್ಲಿ ಇದು ಚಿಕ್ಕದು. ಕಲೆಯ ವಿಷಯದಲ್ಲಿ ಬರೆಯುವವರಿಗೆ ರೂಢಿಯಾದ ಉದ್ಗಾರಗಳು ಇದರಲ್ಲಿ ಕಾಣುವುದಿಲ್ಲ. ಮರವನ್ನು ಕಡೆದ ಕೈಯೇ ವಾಕ್ಯವನ್ನೂ ಕಡೆದಿದೆ ಎನ್ನಬಹುದು.

‘ಕೈಕೆಲಸ’, ‘ಯಂತ್ರದ ಕೆಲಸ’ ಎಂದು ಜನರು ಮಾಡುವ ಭೇದವನ್ನು ಪೈಯವರು ಮೊದಲಿಗೇ ಕೈಬಿಡುತ್ತಾರೆ. ಬರಿಯ ಕೈಯಿಂದ ಆಗುವ ಕೆಲಸ ಲೋಕದಲ್ಲಿ ಬಹು ಸ್ವಲ್ಪ. ಉಳಿಯೂ ಒಂದು ಉಪಕರಣ, ಕಡೆಯುವ ಯಂತ್ರವೂ ಒಂದು ಉಪಕರಣ. ಎಲ್ಲಿ ಗೆರೆ ಎಳೆಯುವುದು? ಅದಕ್ಕೆ ಬದಲಾಗಿ ಅವರು ಬೇರೊಂದು ವಿಭಾಗವನ್ನು ಹೇಳುತ್ತಾರೆ. ಒಂದು ವರ್ಗದ ಕೆಲಸದಲ್ಲಿ ವಸ್ತುವಿನ ಗುಣವು ಕೆಲಸ ಮುಗಿಯುವ ಕೊನೆಯ ಗಳಿಗೆಯವರೆಗೂ ಕೆಡಬಹುದಾದ ಸ್ಥಿತಿಯಲ್ಲಿರುತ್ತದೆ; ಕೆಲಸಗಾರನ ಗಮನ, ವಿವೇಕ, ಕೈಚಳಕ ಇವುಗಳಲ್ಲಿ ಯಾವುದು ತಪ್ಪಿದರೂ ವಸ್ತು ಹಾಳು. ಇದು ಅಪಾಯದ ಕೆಲಸಗಾರಿಕೆ. ಇನ್ನೊಂದು ವರ್ಗದಲ್ಲಿ ಫಲವು ಕೆಲಸಕ್ಕೆ ಮುಂಚೆಯೇ ಗೊತ್ತಾಗಿಬಿಟ್ಟಿರುತ್ತದೆ. ಆರಂಭವಾದಮೇಲೆ ಅದನ್ನು ಕೆಡಿಸುವುದಕ್ಕೆ ಮಾಡುವವನಿಗೆ ಶಕ್ತಿಯೇ ಇಲ್ಲ. ಇದು ನಿಶ್ಚಯದ ಕೆಲಸಗಾರಿಕೆ. ಮೊದಲನೆಯದಕ್ಕೆ ಲೇಖನಿಯ ಬರಹವನ್ನೂ ಎರಡನೆಯದಕ್ಕೆ ಅಚ್ಚಿನ ಮುದ್ರಣವನ್ನೂ ಅವರು ಉದಾಹರಿಸುತ್ತಾರೆ. ಬೆರಳಚ್ಚಿನ ಯಂತ್ರವು ಇವೆರಡರ ನಡುವಣದು.

ಕನ್ನಡದ ಗೃಹಿಣಿಯರಿಗೆ ಈ ವಿಭಾಗವನ್ನು ವಿವರಿಸಲು ಲೇಖನಿಯೂ ಬೇಕಿಲ್ಲ. ಹೊಸ್ತಿಲ ಮುಂದೆ ಬೆರಳಿನಿಂದ ಬಿಡುವ ರಂಗೋಲಿಯು ಪೈಯವರ ಮೊದಲನೆಯ ವರ್ಗಕ್ಕೆ ಸೇರಿದ್ದು. ಚುಕ್ಕಿಯಿಟ್ಟುಕೊಂಡು ಎಳೆದರೆ ಅಪಾಯ ಸ್ವಲ್ಪ ತಗ್ಗಿತು; ತೂತಿನ ತಗಡಿನ ಅಚ್ಚನ್ನು ನೆಲದ ಮೇಲಿಟ್ಟು ಪುಡಿ ಉದುರಿಸಿದರೆ ಅದು ನಿಶ್ಚಯದ ವರ್ಗಕ್ಕೆ ಇಳಿಯಿತು. ಅಚ್ಚಿನ ರಂಗೋಲಿ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆ ತಗಡಿಗೆ ಮೊದಲು ತೂತು ಕೊರೆದವನು ಅಪಾಯದಲ್ಲಿಯೇ ಕೊರೆದಿರಬೇಕು. ನಿಶ್ಚಯದ ಪ್ರತಿಯೊಂದು ವಸ್ತುವಿನ ಹಿಂದೆಯೂ ಎಂದೋ ಒಬ್ಬನು ಅಪಾಯದಲ್ಲಿ ಮಾಡಿದ ಅಚ್ಚೋ ಉಪಕರಣವೋ ಇದ್ದೇ ಇರುತ್ತದೆ ಎಂಬುದನ್ನು ಪೈಯವರು ಮರೆಯಗೊಡುವುದಿಲ್ಲ. ಯಂತ್ರದ ವಿಷಯದಲ್ಲಿ ಅವರಿಗೆ ದ್ವೇಷವಿರಲಿಲ್ಲ. ಬಟ್ಟಲುಗಳ ಒಳಮೈಯಲ್ಲಿ ನವುರಾದ ಗೀರುಗಾಲುವೆಗಳನ್ನು ಕೊರೆಯಲು ಅವರೇ ಒಂದು ಯಂತ್ರವನ್ನು ಕಲ್ಪಿಸಿ ಕಟ್ಟಿಕೊಂಡಿದ್ದರು.

ಈ ವಿಭಾಗದಿಂದ ಪರೀಕ್ಷಕನಿಗೆ ದೊರೆತ ಉಪಕಾರವೇನು? ಅದುವರೆಗೆ ಮರಗೆಲಸವನ್ನು ಹೊಗಳುವವರ ಬಳಿ ಎರಡೇ ಮಾತುಗಳಿದ್ದುವು: ‘ಪ್ರಾಮಾಣಿಕ’, ‘ಸಹಜ’. ಇವು ಮನುಷ್ಯನ ಗುಣಗಳು. ಮೇಜಿಗೆ ಅಂಟಿಸಿದರೆ ಏನನ್ನೂ ತಿಳಿಸುವುದಿಲ್ಲ. ಪೈಯವರ ಮಾತನ್ನು ಕೈಯಲ್ಲಿ ಹಿಡಿದವನು ಮೇಜಿನ ಅಂಚನ್ನು ನೋಡಿ ಹೇಳಬಲ್ಲನು: ಇಲ್ಲಿ ಕೈಯನ್ನು ಅಚ್ಚು ನಡೆಸಿದೆ, ಇಲ್ಲಿ ಕಣ್ಣು ನಡೆಸಿದೆ, ಈ ತಿರುವಿನಲ್ಲಿ ಕೆಲಸಗಾರನು ಧೈರ್ಯ ಮಾಡಿದ್ದಾನೆ, ಆ ತಿರುವಿನಲ್ಲಿ ಉಪ್ಪುಕಾಗದದಿಂದ ಉಜ್ಜಿ ತಪ್ಪಿಸಿಕೊಂಡಿದ್ದಾನೆ. ಅಷ್ಟೇ ಅಲ್ಲ, ವಿನ್ಯಾಸವೆಂಬುದು ಚಿತ್ರದಿಂದಲೂ ಮಾತಿನಿಂದಲೂ ಇನ್ನೊಬ್ಬನಿಗೆ ದಾಟಿಸಬಹುದಾದದ್ದು, ಕೆಲಸಗಾರಿಕೆಯೆಂಬುದು ಹಾಗೆ ದಾಟಿಸಲಾಗದೆ ಉಳಿಯುವುದು ಎಂದು ಅವರು ಗೆರೆ ಕೊಯ್ದಿದ್ದಾರೆ. ಕೀರ್ತನೆಯು ತ್ಯಾಗರಾಜರದಾದರೂ ಅದನ್ನು ಹಾಡಿದ ರೀತಿಯು ಹಾಡಿದವನದು. ಸ್ವರಪ್ರಸ್ತಾರವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿಟ್ಟರೂ ಆ ರೀತಿಯು ಕಾಗದದ ಮೇಲೆ ಇಳಿಯುವುದಿಲ್ಲ. ಮಾತಿಗೆ ಸಿಕ್ಕದ ಭಾಗವೊಂದು ಉಂಟೆಂಬುದನ್ನು ಸ್ಪಷ್ಟವಾದ ಮಾತಿನಲ್ಲಿ ತೋರಿಸಿಕೊಟ್ಟದ್ದೇ ಈ ಗ್ರಂಥದ ಹೆಚ್ಚಳ. ಪದವಿ ಕೊಡುವ ಅಧಿಕಾರ ಬಂದ ಹೊಸತರಲ್ಲಿ ಒಂದು ಕಾಲೇಜಿನ ಪ್ರಾಧ್ಯಾಪಕನು ಇದನ್ನು ಬರೆದನೆಂಬುದು ಆಕಸ್ಮಿಕವಿರಬಹುದು. ಆದರೆ ಬಹಳ ಸಮಯೋಚಿತವಾದ ಆಕಸ್ಮಿಕ.

ಗ್ರಂಥದ ಒಂದು ಅಧ್ಯಾಯವು ರಸ್ಕಿನ್ನರ ಖಂಡನೆಗೆ ಮೀಸಲಾಗಿದೆ. ಗಾಂಧಿಯವರು 1904ರಲ್ಲಿ ದಕ್ಷಿಣ ಆಫ್ರಿಕದಲ್ಲಿ ‘ಅನ್‌ಟು ದಿಸ್ ಲಾಸ್ಟ್’ ಓದಿ ಬಾಳನ್ನೇ ಬದಲಾಯಿಸಿಕೊಂಡ ಕಾರಣ ಭಾರತದ ಓದುಗರಿಗೆ ರಸ್ಕಿನ್ನರು ಪೂಜ್ಯರು. ಅವರು ‘ದಿ ಸ್ಟೋನ್ಸ್ ಆಫ್ ವೆನಿಸ್’ ಗ್ರಂಥದ 1853ರ ಸಂಪುಟದಲ್ಲಿ, ಗೋಥಿಕ್ ಕಟ್ಟಡಗಳ ಒರಟುತನವು ಶಿಲ್ಪಿಯ ಸ್ವಾತಂತ್ರ್ಯದ ಗುರುತೆಂದೂ ತಪ್ಪಿಲ್ಲದ ನಯವು ದಾಸ್ಯದ ಗುರುತೆಂದೂ ಸಾರಿದ್ದರು. ಪೈಯವರು ಇದನ್ನು ಒಪ್ಪುವುದಿಲ್ಲ. ಒರಟು ಕೆಲಸದಲ್ಲಿಯೂ ಒಳ್ಳೆಯದು ಕೆಟ್ಟದ್ದು ಉಂಟು. ನಯವಾದ ಕೆಲಸವನ್ನು ಪ್ರೀತಿಯಿಂದ ಮಾಡಿದ ಸ್ವತಂತ್ರನೂ ಉಂಟು. ಕೆಲಸದ ಮಟ್ಟಿಗೆ ಪೈಯವರ ವಾದವೇ ಸರಿ. ಆದರೆ ರಸ್ಕಿನ್ನರು ಕೇಳಿದ ಪ್ರಶ್ನೆಯಲ್ಲಿ ಅರ್ಧವನ್ನು ಮಾತ್ರ ಅವರು ಉತ್ತರಿಸಿದ್ದಾರೆ. ಕೆಲಸವನ್ನು ಮಾಡುವವನು ಯಾರು, ಯಾರಿಗಾಗಿ ಮಾಡುತ್ತಾನೆ, ಅವನ ಹೆಸರನ್ನು ಲೆಕ್ಕಕ್ಕೆ ಹಿಡಿಯುವವರು ಯಾರು ಎಂಬ ಉಳಿದರ್ಧದ ಕಡೆಗೆ ಅವರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಮರದ ವಿಷಯದಲ್ಲಿಯೂ ಅವರು ಸ್ವಲ್ಪ ಬಿಗಿ. ಮರವು ಬರಿಯ ಭರವಸೆಯನ್ನು ಕೊಡುತ್ತದೆ, ನೆರವೇರಿಸುವವನು ಕೆಲಸಗಾರನೇ ಎಂಬುದು ಅವರ ಮತ. ಇದಕ್ಕೆ ಪ್ರತಿಕಕ್ಷಿಯೊಬ್ಬರು ಉಂಟು. ಅವರ ಮಾತು ಮುಂದೆ ಬರುತ್ತದೆ.

ಅಮೆರಿಕದ ಶಾಲೆಗಳ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. ಐಲೀನ್ ಆಸ್ಬಾರ್ನ್ ವೆಬ್ ಎಂಬ ಮಹಿಳೆಯ ಪ್ರಯತ್ನದಿಂದ 1944ರಲ್ಲಿ ‘ಸ್ಕೂಲ್ ಫಾರ್ ಅಮೆರಿಕನ್ ಕ್ರಾಫ್ಟ್ಸ್‌ಮೆನ್’ ಹುಟ್ಟಿತು. ಯುದ್ಧದಿಂದ ಹಿಂದಿರುಗುವ ಸಿಪಾಯಿಗಳಿಗೆ ಬದುಕಿನ ದಾರಿ ತೋರಿಸುವುದೂ ಅದರ ಉದ್ದೇಶಗಳಲ್ಲೊಂದು. ಡಾರ್ಟ್‌ಮತ್, ಆಲ್ಫ್ರೆಡ್ ಎಂದು ಎರಡು ಕಡೆ ತಂಗಿ, 1950ರಲ್ಲಿ ಅದು ರಾಚೆಸ್ಟರ್ ನಗರದ ತಂತ್ರವಿದ್ಯಾಸಂಸ್ಥೆಯನ್ನು ಸೇರಿತು. ಡೆನ್ಮಾರ್ಕಿನಲ್ಲಿ ಹಳೆಯ ಕ್ರಮದ ಶಿಷ್ಯವೃತ್ತಿ ಮಾಡಿದ್ದ ಟೇಗ್ ಫ್ರಿಡ್ (1915–2004) 1948ರಲ್ಲಿ ಅಲ್ಲಿಗೆ ಗುರುವಾಗಿ ಬಂದರು. 1962ರಲ್ಲಿ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನಿಗೆ ಹೋಗಿ 1985ರವರೆಗೆ ಕಲಿಸಿದರು. ಪಾರಿವಾಳದ ಬಾಲದಂತೆ ಹರಡಿದ ಹಲ್ಲುಗಳನ್ನು ಒಂದರೊಳಗೊಂದು ಹೊಗಿಸುವ ಮೂಲೆಯ ಕೂಡುಕೆಲಸವನ್ನು ಅವರು ನೋಡನೋಡುತ್ತಿರುವಂತೆ ಕೊಯ್ದು ಕೂಡಿಸುವ ವೇಗವು ಪ್ರಸಿದ್ಧವಾಗಿತ್ತು. ಕಟ್ಟಡವನ್ನು ತಿಳಿಯದವನು ವಿನ್ಯಾಸ ಮಾಡಲಾರನೆಂಬುದು ಅವರ ಪಾಠದ ತಿರುಳು. ಅವರ ಶಿಷ್ಯೆ ರೋಸಾನ್ ಸಾಮರ್ಸನ್ ಮುಂದೆ 2015ರಲ್ಲಿ ಅದೇ ಸಂಸ್ಥೆಗೆ ಅಧ್ಯಕ್ಷೆಯಾದರು. ಬಡಗಿಯ ಮಣೆಯಿಂದ ಕಲಾಶಾಲೆಯ ಅಧ್ಯಕ್ಷಪೀಠಕ್ಕೆ ಒಂದೇ ತಲೆಮಾರಿನ ದೂರ! ಎಲ್ಲ ಕಡೆಯೂ ಹೀಗೆ ಮಂಗಳವಾಗಲಿಲ್ಲ. ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ 1975ರಲ್ಲಿ ಆರಂಭವಾದ ಕುಶಲಕಲೆಗಳ ವಿಭಾಗವು ಹತ್ತೇ ವರ್ಷಗಳಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಬೇಕಾಯಿತು.

ಶಾಲೆಗಳು ಹೆಚ್ಚಿದಂತೆ ಮರಗೆಲಸವನ್ನು ಕುರಿತ ಎರಡು ಭಾವನೆಗಳು ಒಂದಕ್ಕೊಂದು ಎದುರಾಗಿ ನಿಂತುವು. ಒಂದು ಭಾವನೆಗೆ ಆಚಾರ್ಯಪುರುಷರು ಜೇಮ್ಸ್ ಕ್ರೆನಾವ್ (1920–2009). ಸೈಬೀರಿಯದ ಕೊನೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಸ್ವೀಡನ್ನಿನಲ್ಲಿ ಕಾರ್ಲ್ ಮಾಲ್ಮ್‌ಸ್ಟೆನ್ನರ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಎ ಕ್ಯಾಬಿನೆಟ್‌ಮೇಕರ್ಸ್ ನೋಟ್‌ಬುಕ್’ ಎಂಬ ಪುಸ್ತಕವನ್ನು ಪ್ರಕಟಿಸಿ, 1981ರಲ್ಲಿ ಕ್ಯಾಲಿಫೋರ್ನಿಯದ ಫೋರ್ಟ್ ಬ್ರಾಗ್ ಊರಿನಲ್ಲಿ ಶಾಲೆ ತೆರೆದವರು. ಅಲ್ಲಿ ಎಂ.ಎಫ್.ಎ. ಇರಲಿಲ್ಲ. ವಿದ್ಯಾರ್ಥಿಯು ತನ್ನ ಹತ್ತರಿಯನ್ನು ತಾನೇ ಮರದಲ್ಲಿ ಮಾಡಿಕೊಳ್ಳಬೇಕು. ಹತ್ತರಿಯಿಂದ ಎದ್ದ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಕೊಲ್ಲಬಾರದು. ಹಲಗೆಯ ಎಳೆಯು ಎತ್ತ ಹರಿಯುವುದೋ ಅತ್ತ ಬೀರುವಿನ ರೇಖೆಯೂ ಹರಿಯಬೇಕು. ಈ ಶ್ರದ್ಧೆಯಲ್ಲಿ ಭಕ್ತಿಯ ಅಂಶವಿತ್ತು. ಗುರುವಿನಲ್ಲಿ ಅದು ನಿಜವಾದ ಭಕ್ತಿ. ಅನುಯಾಯಿಗಳಲ್ಲಿ ಕೆಲವರಿಗೆ ಮಡಿಯಾಯಿತು. ಕೂಡಿಸಿದ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೆ ಪಾಪವೆಂಬಂತೆ ನಡೆದುಕೊಂಡರು.

ಈ ಮಡಿಗೆ ಬಿದ್ದ ಪೆಟ್ಟು ಒಂದು ಮೊಳೆ. ಗ್ಯಾರಿ ನಾಕ್ಸ್ ಬೆನೆಟ್ (1934–2022) ಕ್ಯಾಲಿಫೋರ್ನಿಯದ ಕಲಾಶಾಲೆಯಲ್ಲಿ ಓದಿ, ಲೋಹದ ಕೆಲಸದಿಂದ ಮರಕ್ಕೆ ಬಂದವರು. ಅವರು 1979ರಲ್ಲಿ ಹೊನ್ನೆಯ ಕುಲಕ್ಕೆ ಸೇರಿದ ಪಡೌಕ್ ಎಂಬ ಕೆಂಪು ಮರದಲ್ಲಿ ಆಳೆತ್ತರದ ಬೀರುವೊಂದನ್ನು ಬಹು ಸೊಗಸಾಗಿ ಕಟ್ಟಿದರು. ಎಲ್ಲವೂ ಮುಗಿದಮೇಲೆ ಅದರ ಮುಂಬದಿಯಲ್ಲಿ, ಕಣ್ಣಿಗೆ ಹೊಡೆಯುವ ಜಾಗದಲ್ಲಿ, ಒರಟು ಕಬ್ಬಿಣದ ಮೊಳೆಯೊಂದನ್ನು ಹೊಡೆದು ಬಗ್ಗಿಸಿಬಿಟ್ಟರು. ಸುತ್ತಲೂ ಸುತ್ತಿಗೆ ಜಾರಿ ಬಿದ್ದ ಅರ್ಧಚಂದ್ರದಂಥ ಗುರುತುಗಳು. 1975ರಲ್ಲಿ ಆರಂಭವಾಗಿದ್ದ ‘ಫೈನ್ ವುಡ್‌ವರ್ಕಿಂಗ್’ ಪತ್ರಿಕೆಯು 1980ರಲ್ಲಿ ಇದರ ಚಿತ್ರವನ್ನು ಹಿಂಬದಿಯ ರಕ್ಷಾಪತ್ರದ ಮೇಲೆ ಅಚ್ಚು ಹಾಕಿತು. ಓದುಗರಿಂದ ಕೋಪದ ಕಾಗದಗಳು ಬಂದುವು. ತಂತ್ರದ ಮೋಹ ಮಿತಿಮೀರಿದೆ ಎಂಬುದನ್ನು ತೋರಿಸುವುದು ಕರ್ತನ ಅಭಿಪ್ರಾಯವಾಗಿತ್ತು.

ಈ ಮೊಳೆಯನ್ನು ಬರಿಯ ಕುಚೋದ್ಯವೆಂದು ತಳ್ಳಿಹಾಕುವವರು ಅದನ್ನು ಸರಿಯಾಗಿ ನೋಡಿಲ್ಲ; ಕ್ರಾಂತಿಯೆಂದು ಕೊಂಡಾಡುವವರೂ ನೋಡಿಲ್ಲ. ಪೈಯವರ ಮಾತಿನಿಂದ ಇದನ್ನು ಅಳೆದರೆ ಒಂದು ವಿಚಿತ್ರ ಹೊರಪಡುತ್ತದೆ. ಬೀರುವನ್ನು ಕಟ್ಟುತ್ತಿದ್ದಷ್ಟು ಕಾಲವೂ ಅದು ಕೆಡಬಹುದಾಗಿತ್ತು; ಕೆಡದಂತೆ ಕರ್ತನು ನೋಡಿಕೊಂಡನು. ಅಪಾಯವು ಕಳೆದು ವಸ್ತುವು ಕ್ಷೇಮವಾಗಿ ದಡ ಸೇರಿದಮೇಲೆ ತಾನೇ ಅದನ್ನು ಕೆಡಿಸಿದನು. ಕೆಡುವುದು, ಕೆಡಿಸುವುದು ಇವೆರಡರ ಅಂತರವೇ ಈ ಕೃತಿಯ ವಿಷಯ. ಪೆಟ್ಟಿಗೆ ಬೆಲೆ ಬಂದುದು ಬೀರುವಿನಿಂದ. ಹಾಳು ಪೆಟ್ಟಿಗೆಯೊಂದಕ್ಕೆ ಮೊಳೆ ಹೊಡೆದು ಬಗ್ಗಿಸಿದರೆ ಅದು ಹಾಳು ಪೆಟ್ಟಿಗೆಯಲ್ಲಿ ಬಗ್ಗಿದ ಮೊಳೆ, ಅಷ್ಟೆ. ವ್ಯಾಕರಣವನ್ನು ಮೀರುವ ಅಧಿಕಾರವು ವ್ಯಾಕರಣ ಬಲ್ಲ ಕವಿಗೆ ಉಂಟು ಎಂದು ಹಳಬರು ಹೇಳುತ್ತಿದ್ದ ನ್ಯಾಯವೇ ಇದು. ಶಾಲೆಗಳ ಅಪಾಯವು ಇಲ್ಲಿಯೇ ಇದೆ. ಬೀರು ಕಟ್ಟುವುದನ್ನು ಕಲಿಯಲು ವರ್ಷಗಟ್ಟಲೆ ಬೇಕು. ಮೊಳೆಯ ತಾತ್ಪರ್ಯವನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಪ್ರಬಂಧಕ್ಕೆ ಒದಗುವುದು ಮೊಳೆ, ಬೀರುವಲ್ಲ. ಎರಡು ವರ್ಷದ ಪಾಠಕ್ರಮದಲ್ಲಿ ವಿದ್ಯಾರ್ಥಿಯು ಯಾವುದನ್ನು ಹಿಡಿಯುವನೆಂಬುದನ್ನು ಊಹಿಸುವುದು ಕಷ್ಟವಲ್ಲ. ಬೆನೆಟ್ಟರ ಕೃತಿಯ ಮೇಲೆ ಈ ದೋಷವನ್ನು ಹೊರಿಸಬಾರದು. ಆದರೆ ಅದರ ಸುಲಭವಾದ ಸಂತತಿಯನ್ನು ಬೆಳೆಸಿದ ಪಾಠಪದ್ಧತಿಯು ಆಕ್ಷೇಪಣೆಗೆ ಪಾತ್ರವಾದದ್ದೇ ಸರಿ.

ವೆಂಡೆಲ್ ಕಾಸಲ್ (1932–2018) ಅವರ ‘ಘೋಸ್ಟ್ ಕ್ಲಾಕ್’ ಇದಕ್ಕಿಂತ ಗಹನವಾದ ಕೃತಿ. ಕಾನ್ಸಾಸ್ ವಿಶ್ವವಿದ್ಯಾನಿಲಯವು 1961ರಲ್ಲಿ ಅವರಿಗೆ ಕೊಟ್ಟ ಎಂ.ಎಫ್.ಎ. ಶಿಲ್ಪಕಲೆಯದು, ಮರಗೆಲಸದ್ದಲ್ಲ. ಅದೇ ದಶಕದಲ್ಲಿ ಅವರು ರಾಚೆಸ್ಟರಿನ ಶಾಲೆಯಲ್ಲಿ ಕಲಿಸಿದರು. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಗಟ್ಟಿಯಾದ ರಾಶಿ ಮಾಡಿ, ಕಲ್ಲನ್ನು ಕೆತ್ತುವಂತೆ ಅದನ್ನು ಕೆತ್ತುವುದು ಅವರ ವಿಧಾನ. ಹೀಗೆ ಮಾಡಿದರೆ ಬಡಗಿಯ ಕೂಡುಕೆಲಸವೇ ಬೇಕಾಗುವುದಿಲ್ಲ. ಹಳೆಯ ಕಸುಬಿನ ವ್ಯಾಕರಣವನ್ನು ಅವರು ಮುರಿಯಲಿಲ್ಲ, ಬಳಸಿ ಹೋದರು. 1980ರ ದಶಕದಲ್ಲಿ ಅವರು ಹದಿಮೂರು ಗಡಿಯಾರಗಳ ಮಾಲೆಯೊಂದನ್ನು ಮಾಡಿದರು. 1985ರ ‘ಘೋಸ್ಟ್ ಕ್ಲಾಕ್’ ಅದರಲ್ಲಿ ಕಡೆಯದು. ನೋಡುವವನ ಕಣ್ಣಿಗೆ ಅದು ಏಳಡಿ ಎತ್ತರದ ನಿಲುಗಡಿಯಾರ. ಮೇಲೆ ಬಿಳಿಯ ಬಟ್ಟೆ ಹೊದಿಸಿ ನಡುವಿಗೆ ಹಗ್ಗ ಕಟ್ಟಿದೆ. ಹತ್ತಿರ ಹೋದರೆ ಬಟ್ಟೆಯೂ ಇಲ್ಲ, ಹಗ್ಗವೂ ಇಲ್ಲ, ಗಡಿಯಾರವೂ ಇಲ್ಲ. ಎಲ್ಲವೂ ಅಂಟಿಸಿದ ಮಹಾಗನಿಯ ಒಂದೇ ಮೈ. ಬಟ್ಟೆಯಾಗಿ ಕಾಣುವ ಭಾಗದ ಬಣ್ಣವನ್ನು ತೆಗೆದು ಬೆಳ್ಳಗೆ ಮಾಡಿದ್ದಾರೆ. ಉಳಿದ ಗಡಿಯಾರಗಳ ಒಳಗೆ ಯಂತ್ರವಿತ್ತು, ಇದರೊಳಗೆ ಇಲ್ಲ.

ಕ್ರೆನಾವರ ಮತದವರಿಗೆ ಇದು ಮರಕ್ಕೆ ಮಾಡಿದ ದ್ರೋಹ. ಮರವು ಮರವಾಗಿ ತೋರದೆ ಬಟ್ಟೆಯ ವೇಷ ಹಾಕಿದೆ. ಆದರೆ ವೇಷವೆಂದಮೇಲೆ ಅದರ ನಿರ್ವಾಹವನ್ನು ನೋಡಬೇಡವೆ? ಬಟ್ಟೆಯ ನಿರಿಗೆಯೊಂದು ಹಗ್ಗದಿಂದ ಬಿಡಿಸಿಕೊಂಡು ನೆಲಕ್ಕೆ ಇಳಿಯುವ ಕಡೆಯಲ್ಲಿ ಉಳಿ ಒಂದು ನೂಲು ಆಳಕ್ಕೆ ಹೋಗಿದ್ದರೆ ಅದು ಬಟ್ಟೆಯಾಗುತ್ತಿರಲಿಲ್ಲ, ಕೆತ್ತಿದ ಮರವಾಗಿ ಉಳಿಯುತ್ತಿತ್ತು. ದೂರದಿಂದ ಒಂದು, ನಡುವಿನಿಂದ ಇನ್ನೊಂದು, ತೀರ ಹತ್ತಿರದಿಂದ ಮತ್ತೊಂದು ವೈವಿಧ್ಯ ಕಾಣಬೇಕೆಂಬುದು ಉತ್ತಮ ಕೆಲಸಗಾರಿಕೆಗೆ ಪೈಯವರು ಹೇಳಿದ ಲಕ್ಷಣ. ಕಾಸಲರು ಆ ಲಕ್ಷಣವನ್ನೇ ನಾಟಕವಾಗಿ ಮಾಡಿದ್ದಾರೆ. ದೂರದಲ್ಲಿ ನಿಂತವನು ಬಟ್ಟೆಯ ಕೆಳಗೆ ಏನಿದೆಯೋ ಎಂದು ಕುತೂಹಲಪಡುತ್ತಾನೆ; ಹತ್ತಿರ ಬಂದವನು ಕೆಳಗೆಂಬುದೇ ಇಲ್ಲವೆಂದು ತಿಳಿಯುತ್ತಾನೆ. ನಡೆಯದ ಗಡಿಯಾರಕ್ಕೆ ಹೊದಿಸಿದ ಆ ಬಿಳಿಯ ಬಟ್ಟೆಯು ಹೆಣದ ಹೊದಿಕೆಯಂತೆಯೂ ತೋರುವುದು. ಇದನ್ನೆಲ್ಲ ಹೇಳುವುದಕ್ಕೆ ಕರ್ತನ ಪ್ರಬಂಧ ಬೇಕಾಗಲಿಲ್ಲ. ವಸ್ತುವೇ ಹೇಳುತ್ತದೆ. ಶಾಲೆಗಳ ಪರೀಕ್ಷೆಗೆ ಒಂದು ಮಾದರಿ ಬೇಕಾದರೆ ಇಂಥದನ್ನು ಮುಂದಿಟ್ಟುಕೊಳ್ಳಬಹುದು: ವಿವರಣೆಯ ಕಾಗದವನ್ನು ಹರಿದೆಸೆದಮೇಲೆ ಉಳಿಯುವುದೇನು?

ಪೈಯವರಿಗೆ ಪ್ರತಿಕಕ್ಷಿಯೆಂದು ಹಿಂದೆ ಹೇಳಿದವರು ಜಾರ್ಜ್ ನಾಕಾಶಿಮಾ (1905–1990). ಜಪಾನೀ ತಂದೆತಾಯಿಗಳ ಮಗನಾಗಿ ಅಮೆರಿಕದಲ್ಲಿ ಹುಟ್ಟಿ, ಎಂ.ಐ.ಟಿ.ಯಲ್ಲಿ ವಾಸ್ತುಶಿಲ್ಪದ ಉನ್ನತ ಪದವಿ ಪಡೆದು, ಟೋಕಿಯೋದಲ್ಲಿ ಆಂಟೊನಿನ್ ರೇಮಂಡರ ಕಚೇರಿಯನ್ನು ಸೇರಿದವರು. ಆ ಕಚೇರಿಯ ಪರವಾಗಿ 1937ರಲ್ಲಿ ಪುದುಚೇರಿಗೆ ಬಂದು, ಅರವಿಂದಾಶ್ರಮದ ಗೋಲ್ಕಂಡ ಎಂಬ ವಸತಿಗೃಹದ ನ���ರ್ಮಾಣವನ್ನು ನೋಡಿಕೊಂಡರು. ಅದರ ಕಾಂಕ್ರೀಟಿನ ಮೈಗೆ ತೇಗದ ಸರಿಬಾಗಿಲುಗಳುಂಟು. ಕೋಣೆಗಳಿಗೆ ತೇಗದ ಪೀಠೋಪಕರಣಗಳನ್ನು ನಾಕಾಶಿಮಾರವರೇ ಕಲ್ಪಿಸಿದರು. ಅರವಿಂದರು ಅವರಿಗೆ ಸುಂದರಾನಂದ ಎಂಬ ಹೆಸರನ್ನು ಕೊಟ್ಟರು. ಅಮೆರಿಕಕ್ಕೆ ಹಿಂದಿರುಗಿದಮೇಲೆ ಫ್ರಾಂಕ್ ಲಾಯ್ಡ್ ರೈಟರ ಕಟ್ಟಡವೊಂದು ಏಳುತ್ತಿದ್ದುದನ್ನು ನೋಡಿ, ಅಲ್ಲಿಯ ಕೆಲಸಗಾರಿಕೆಯಿಂದ ಅವರಿಗೆ ಬೇಸರ ಹುಟ್ಟಿತು. ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಲ್ಲೇ ಇರುವ ಕೆಲಸ ಬೇಕೆಂದು ಮರದ ಕಡೆಗೆ ತಿರುಗಿದರು. ವಿನ್ಯಾಸ ಬೇರೆ, ಕೆಲಸಗಾರಿಕೆ ಬೇರೆ ಎಂದು ಪೈಯವರು ಮುಂದೆ ಬರೆಯಲಿದ್ದ ಮಾತನ್ನು ಅವರು ಬಾಳಿನಲ್ಲಿಯೇ ಕಂಡುಕೊಂಡರೆನ್ನಬೇಕು.

ಆದರೆ ಮರಗೆಲಸವನ್ನು ಅವರು ನಿಜವಾಗಿ ಕಲಿತುದು ಎಂ.ಐ.ಟಿ.ಯಲ್ಲಿ ಅಲ್ಲ. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಹೊರಡಿಸಿದ 9066ನೆಯ ಆಜ್ಞೆಯಿಂದ ಪಶ್ಚಿಮ ತೀರದ ಜಪಾನೀ ಕುಲದವರೆಲ್ಲ, ಅಮೆರಿಕದ ಪ್ರಜೆಗಳೂ ಸೇರಿ, ಮನೆಮಾರು ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ನಾಕಾಶಿಮಾರವರನ್ನು ಹೆಂಡತಿ ಮಗುವಿನೊಡನೆ ಐಡಹೋ ಪ್ರಾಂತದ ಮಿನಿಡೋಕಾ ಶಿಬಿರದಲ್ಲಿಟ್ಟರು. ಅಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಬಡಗಿಯೂ ಬಂದಿಯಾಗಿದ್ದನು. ಜಪಾನಿನ ಹಳೆಯ ಸಂಪ್ರದಾಯದಲ್ಲಿ ಪಳಗಿದ ಕೈ. ಶಿಬಿರದಲ್ಲಿ ಸಿಕ್ಕಿದ ಚೂರುಪಾರು ಹಲಗೆಗಳಲ್ಲಿ ಅವನು ಕಲಿಸಿದನು, ವಾಸ್ತುಶಿಲ್ಪದ ಪದವೀಧರನು ಕಲಿತನು. 1943ರಲ್ಲಿ ರೇಮಂಡರ ನೆರವಿನಿಂದ ಬಿಡುಗಡೆಯಾಗಿ ಪೆನ್ಸಿಲ್ವೇನಿಯದ ನ್ಯೂ ಹೋಪ್ ಊರಿಗೆ ಹೋದ ನಾಕಾಶಿಮಾರವರು ಅಲ್ಲಿಯೇ ನೆಲಸಿ ಲೋಕಪ್ರಸಿದ್ಧರಾದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಪೀಠೋಪಕರಣಗಳನ್ನು ಕಲ್ಪಿಸಿಕೊಟ್ಟರು. ಗುರುವಾದ ಬಡಗಿಯ ಹೆಸರು ಶಿಷ್ಯನ ಚರಿತ್ರೆಯಲ್ಲಿ ಒಂದು ಸಾಲಾಗಿ ಉಳಿದಿದೆ.

ನಾಕಾಶಿಮಾರವರ ‘ದಿ ಸೋಲ್ ಆಫ್ ಎ ಟ್ರೀ’ ಗ್ರಂಥವು 1981ರಲ್ಲಿ ಪ್ರಕಟವಾಯಿತು. ಮರಕ್ಕೆ ಆತ್ಮವುಂಟು, ಬಡಗಿಯ ಕೆಲಸ ಅದಕ್ಕೆ ಎರಡನೆಯ ಬಾಳನ್ನು ಕೊಡುವುದು ಎಂಬುದು ಅದರ ಧೋರಣೆ. ಪೈಯವರ ಬಿಗಿಯಾದ ಗದ್ಯದಿಂದ ಇಲ್ಲಿಗೆ ಬಂದವನಿಗೆ ಉಸಿರು ಸ್ವಲ್ಪ ಭಾರವಾಗುತ್ತದೆ. ಧೂಪದ ಹೊಗೆ ಹೆಚ್ಚೆನಿಸುತ್ತದೆ. ಆದರೆ ಗ್ರಂಥವನ್ನು ಮುಚ್ಚಿ ಮೇಜನ್ನು ನೋಡಿದರೆ ಹೊಗೆ ಕರಗುವುದು. ಹಲಗೆಯ ಅಂಚನ್ನು ನೇರ ಮಾಡದೆ ಮರದ ಸಹಜವಾದ ಹೊರರೇಖೆಯನ್ನೇ ಉಳಿಸಿರುತ್ತಾರೆ. ಸೀಳು ಬಂದ ಕಡೆಯಲ್ಲಿ ಅದನ್ನು ತುಂಬಿ ಮರೆಸದೆ, ಚಿಟ್ಟೆಯ ಆಕಾರದ ಮರದ ತುಂಡನ್ನು ಅಡ್ಡಲಾಗಿ ಹುದುಗಿಸಿ, ಸೀಳು ಮುಂದಕ್ಕೆ ಹರಿಯದಂತೆ ಹಿಡಿದು ನಿಲ್ಲಿಸಿರುತ್ತಾರೆ. ಆ ಚಿಟ್ಟೆಯನ್ನು ಎಲ್ಲಿಡಬೇಕು, ಎಷ್ಟು ಅಗಲ, ಒಂದೋ ಮೂರೋ ಎಂಬುದನ್ನು ಯಾವ ಅಚ್ಚೂ ಹೇಳಲಾರದು. ಮರದ ಭರವಸೆಯನ್ನು ನೆರವೇರಿಸುವವನು ಕೆಲಸಗಾರನೇ ಎಂಬ ಪೈಯವರ ಮಾತು ಇಲ್ಲಿಯೂ ನಿಲ್ಲುತ್ತದೆ. ಆದರೆ ಯಾವ ಭರವಸೆಯನ್ನು ಕೇಳಬೇಕೆಂದು ಹಲಗೆಯ ಮುಂದೆ ತಿಂಗಳುಗಟ್ಟಲೆ ಕಾಯುವುದೂ ಕೆಲಸದ ಒಂದು ಭಾಗವೆಂಬುದನ್ನು ಪೈಯವರಿಗಿಂತ ನಾಕಾಶಿಮಾರವರು ಚೆನ್ನಾಗಿ ಬಲ್ಲರು.

ಪದವಿಗಳಿಂದ ಆದ ಒಂದು ಲಾಭವನ್ನು ಇಲ್ಲಿ ಮರೆಯಬಾರದು. ತಂದೆಯಿಂದ ಮಗನಿಗೆ ಇಳಿಯುತ್ತಿದ್ದ ಕಸುಬಿನಲ್ಲಿ ಮಗಳಿಗೆ ಜಾಗವಿರಲಿಲ್ಲ. ಶಾಲೆಯ ಬಾಗಿಲು ತೆರೆದಮೇಲೆ ಹೆಂಗಸರು ಒಳಗೆ ಬಂದರು; ಬಂದವರಿಗೆ ಎಲ್ಲರೂ ಮಣೆ ಹಾಕಿದರೆಂದಲ್ಲ. ವೆಂಡಿ ಮರುಯಾಮಾ (ಜನನ 1952) ರಾಚೆಸ್ಟರಿನಲ್ಲಿ 1980ರಲ್ಲಿ ಎಂ.ಎಫ್.ಎ. ಪಡೆದವರು; ಈ ಪದವಿಯನ್ನು ಪಡೆದ ಮೊದಲ ಸ್ತ್ರೀಯರ ಸಾಲಿನವರು. ಮುಂದೆ ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಮರಗೆಲಸದ ವಿಭಾಗವನ್ನು ಬಹುಕಾಲ ನಡೆಸಿದರು. ಅವರೂ ಜಪಾನೀ ಕುಲದವರು. ಆ 9066ನೆಯ ಆಜ್ಞೆಯನ್ನು ವಸ್ತುವಾಗಿ ಹಿಡಿದು ಅವರು ಬೀರುಗಳನ್ನು ಮಾಡಿದರು. ಅವುಗಳೊಂದಿಗೆ ‘ಟ್ಯಾಗ್ ಪ್ರಾಜೆಕ್ಟ್’ ಎಂಬ ಕೃತಿಯನ್ನೂ ರಚಿಸಿದರು. ಶಿಬಿರಕ್ಕೆ ಹೊರಟ ಪ್ರತಿಯೊಬ್ಬರ ಕೊರಳಿಗೂ ಕೋಟಿಗೂ ಕಟ್ಟಿದ ಗುರುತಿನ ಚೀಟಿಗಳಿದ್ದುವಷ್ಟೆ. ಅಂಥ ಸುಮಾರು 1,20,000 ಚೀಟಿಗಳನ್ನು ಮತ್ತೆ ಮಾಡಿ, ಒಂದೊಂದು ಶಿಬಿರಕ್ಕೆ ಒಂದೊಂದರಂತೆ ಹತ್ತು ಗೊಂಚಲುಗಳಾಗಿ ಮೇಲಿನಿಂದ ತೂಗಬಿಟ್ಟರು.

ಇದು ಮರಗೆಲಸವೆ? ಪರೀಕ್ಷಕನು ಇಲ್ಲಿ ತೊಳಲಾಡಬೇಕಾಗುತ್ತದೆ. ಕಾಗದ, ದಾರ, ಮಸಿ, ಹತ್ತರಿಗೆ ಕೆಲಸವಿಲ್ಲ. ಮರಗೆಲಸದ ಪ್ರಾಧ್ಯಾಪಕಿಯೊಬ್ಬರ ಅತ್ಯಂತ ಗಟ್ಟಿಯಾದ ಕೃತಿಯಲ್ಲಿ ಮರವೇ ಕಾಣದಿದ್ದರೆ ಪದವಿಯು ಕಸುಬನ್ನು ತಿಂದುಹಾಕಿತೆಂದು ಹಳಬರು ಗೊಣಗಬಹುದು. ಬೆನೆಟ್ಟರ ಮೊಳೆಯ ಸಂತತಿಗೆ ಇದನ್ನೂ ಸೇರಿಸಬಹುದು. ಅದು ಅನ್ಯಾಯವಾಗುತ್ತದೆ. ಮೊಳೆಯ ಸಂತತಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಇದಕ್ಕೆ ವರ್ಷಗಳು ಹಿಡಿದುವು. ಅನೇಕ ಸ್ವಯಂಸೇವಕರು ಕುಳಿತು ಒಂದೊಂದು ಚೀಟಿಗೂ ಒಂದೊಂದು ಹೆಸರನ್ನು ಬರೆದು, ಹಳತಾಗಿ ಕಾಣುವಂತೆ ಮಾಡಿ, ದಾರ ಕಟ್ಟಿದರು. ಅಚ್ಚುಕೂಟದಲ್ಲಿ ಇವೆಲ್ಲವನ್ನೂ ಅಲ್ಪ ಕಾಲದಲ್ಲಿ ಮುದ್ರಿಸಿ ಮುಗಿಸಬಹುದಾಗಿತ್ತು. ಲೇಖನಿ ಹಿಡಿದ ಕೈಯು ಪ್ರತಿಯೊಂದು ಹೆಸರಿನಲ್ಲಿಯೂ ತಪ್ಪಬಹುದು, ತಪ್ಪದಂತೆ ನೋಡಿಕೊಳ್ಳಬೇಕು. ಪೈಯವರು ತಮ್ಮ ಗ್ರಂಥದಲ್ಲಿ ಅಪಾಯದ ಕೆಲಸಗಾರಿಕೆಗೆ ಕೊಟ್ಟ ಉದಾಹರಣೆಯೇ ಇದು. ಆ ಹತ್ತು ಗೊಂಚಲುಗಳಲ್ಲಿ ಮಿನಿಡೋಕಾ ಶಿಬಿರದ್ದೂ ಒಂದು.